ಕಫೀಲರ ಗಡ್ಡಕ್ಕೆ ನನ್ನ ಅತ್ತರು

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲೇ ಮಾಡುತ್ತೇನೆಂದು ಹೊರಟವನನ್ನು ಫಜೀತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ಕರೆಯುವುದೇ ಬೇಡ. ಎಂಬತ್ತರ ದಶಕದಲ್ಲಿ ಸೌದಿಯ ಅಲ್ ಖೋಬರಿನ ಟೈಲ್ಸ್ ಕಂಪನಿಯೊಂದರಲ್ಲಿ ಟೈಪಿಸ್ಟನಾಗಿದ್ದ ನಾನು ಸೆಂಟು ಮಾಡಲು ಹೊರಟಾಗ ಆದದ್ದೂ ಇದೇ.

ಎಲ್ಲಕ್ಕೂ ಕಾರಣ ತಂಗಿಯ ಮದುವೆ. ಊರಿಂದ ಕಾಗದ ಬಂದ ದಿನವೇ ರಜೆಯ ಅರ್ಜಿ ಬರೆದು ಕಫೀಲರ ಮೇಜಿನ ಮೇಲಿಟ್ಟೆ. ಕಫೀಲ್ ಎಂದರೆ ನನ್ನ ವೀಸಾ, ಕೆಲಸ, ಪಾಸ್‌ಪೋರ್ಟು ಎಲ್ಲವೂ ಯಾರ ಕೈಯಲ್ಲಿತ್ತೋ ಆ ಹಿರಿಯ ಧಣಿ. ಅವರು ರುಜು ಹಾಕದಿದ್ದರೆ ಮದುವೆಯನ್ನು ನಾನು ಫೋಟೋದಲ್ಲಿ ನೋಡಬೇಕು. ಇದ್ದವಳು ಒಬ್ಬಳೇ ತಂಗಿ. ಕೇಳಿದಾಗಲೆಲ್ಲ ಅವರು "ನೋಡೋಣ, ಇನ್ಶಾ ಅಲ್ಲಾ" ಎನ್ನುತ್ತಿದ್ದರು. ಎರಡು ವಾರ ನೋಡಿದ್ದೇ ಆಯಿತು.

ರೂಮಿನಲ್ಲಿ ಜೊತೆಗಿದ್ದ ಬ್ಯಾರಿ ಗೆಳೆಯ, ಬಟ್ಟೆಯಂಗಡಿಯ ಸೇಲ್ಸ್‌ಮ್ಯಾನ್, ದಾರಿ ತೋರಿಸಿದ.

"ಅವರಿಗೆ ಅತ್ತರು ಅಂದ್ರೆ ಜೀವ ಮಾರಾಯ. ಅಂಗಡಿದ್ದು ಅವರಲ್ಲಿ ಕಪಾಟು ತುಂಬ ಉಂಟು. ನೀನು ಕೈಯಾರೆ ಮಾಡಿ ಕೊಟ್ಟು ನೋಡು, ಕರಗಿ ಹೋಗ್ತಾರೆ."

ಅವನೂ ಜನ್ಮದಲ್ಲಿ ಅತ್ತರು ಮಾಡಿದವನಲ್ಲ. ಸಲಹೆ ಕೊಡಲು ಅದು ಬೇಕಾಗುವುದಿಲ್ಲ.

ಸ್ಪಿರಿಟ್

ಸೆಂಟಿಗೆ ಸ್ಪಿರಿಟ್ ಬೇಕೆಂದು ಎಲ್ಲೋ ಓದಿದ್ದೆ. ಮದ್ಯದ ಹನಿಯೂ ಸಲ್ಲದ ದೇಶದಲ್ಲಿದ್ದೇನೆ ಎಂಬುದನ್ನು ಮರೆತು ಔಷಧಿ ಅಂಗಡಿಗೆ ಹೋಗಿ, "ದೊಡ್ಡ ಬಾಟಲಿ ಶುದ್ಧ ಸ್ಪಿರಿಟ್ ಕೊಡಿ" ಎಂದೆ. ಅಂಗಡಿಯ ಈಜಿಪ್ಟಿನವನು ಕನ್ನಡಕ ತೆಗೆದು ನನ್ನನ್ನು ನೋಡಿದ.

"ಯಾತಕ್ಕೆ?"

"ಸೆಂಟು ಮಾಡಲು."

"ಹೋದ ವಾರ ಒಬ್ಬ ಬಂದಿದ್ದ. ಅವನೂ ಸೆಂಟಿಗೇ ಅಂದ. ಹೇಳುವಾಗಲೇ ಅವನ ಬಾಯಿಂದ ಸೆಂಟು ಬರುತ್ತಿತ್ತು."

ಸುಮ್ಮನೆ ವಾಪಸಾದರೆ ಅನುಮಾನ ಗಟ್ಟಿಯಾಗುತ್ತದೆಂದು ಒಂದು ಕಟ್ಟು ಹತ್ತಿ ಕೊಂಡು ಬಂದೆ.

ಮಲ್ಲಿಗೆ

ಸ್ಪಿರಿಟ್ ಇಲ್ಲದಿದ್ದರೇನು, ಅರಬರ ಅತ್ತರು ಎಣ್ಣೆಯದೇ ಅಲ್ಲವೇ? ಕರಾವಳಿಯವನಿಗೆ ಎಣ್ಣೆ ಎಂದರೆ ತೆಂಗಿನೆಣ್ಣೆ, ಬೇರೊಂದು ಇದೆಯೆಂಬ ಯೋಚನೆಯೇ ನನಗೆ ಬರಲಿಲ್ಲ. ಊರಿಂದ ಆಗಷ್ಟೇ ಬಂದ ಪಕ್ಕದ ಮನೆಯವರು ಒಂದು ಚೆಂಡು ಮಲ್ಲಿಗೆ ಕೊಟ್ಟರು. ಅರ್ಧ ಬಾಡಿದ್ದ ಆ ಹೂಗಳನ್ನು ಬಿಡಿಸಿ ಎಣ್ಣೆಯಲ್ಲಿ ಮುಳುಗಿಸಿ, ಬೆಚ್ಚಗಿರಲಿ ಎಂದು ಅಡುಗೆಮನೆಯಲ್ಲಿ ಸ್ಟವ್ ಪಕ್ಕ ಒಂದು ವಾರ ಇಟ್ಟೆ. ಹೂವಿಗೆ ಗಾಳಿಯಾಡಬೇಕು, ಮುಚ್ಚಳ ಹಾಕಬಾರದು ಎಂಬುದು ನನ್ನ ಸ್ವಂತ ಸಂಶೋಧನೆ. ಅದೇ ಸ್ಟವಿನ ಮೇಲೆ ರೂಮಿನ ಮೂರನೆಯವ, ಉಡುಪಿಯ ಕೊಂಕಣಿ ಗೆಳೆಯ, ವಾರವಿಡೀ ಬಂಗುಡೆ ಮೀನು ಹುರಿದ.

ಎಂಟನೆಯ ದಿನ ಮೂಸಿ ನೋಡಿದೆವು. ಮೊದಲು ಮಲ್ಲಿಗೆ ಬಂತು, ಅದರ ಬೆನ್ನಿಗೇ ಬಂಗುಡೆ ಬಂತು. ಬಂಗುಡೆಯನ್ನು ಅಡಗಿಸಲು ಏಲಕ್ಕಿ, ಲವಂಗ, ಕೇಸರಿ ಹಾಕಿ ಮತ್ತೆರಡು ದಿನ ಬಿಟ್ಟು ಸೋಸಿದೆ. ಕೊಂಕಣಿ ಗೆಳೆಯ ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದ.

"ಪರಿಮಳ ಒಳ್ಳೇದುಂಟು. ಆದ್ರೆ ಎಂತ ಗೊತ್ತುಂಟಾ, ಹಸಿವಾಗ್ತದೆ."

ಮಲಗಿದ ಅತ್ತರು

ಚೆಂದದ ಪುಟ್ಟ ಸೀಸೆಯಲ್ಲಿ ತುಂಬಿಸಿ ಆಫೀಸಿಗೆ ಒಯ್ದೆ. ನಮ್ಮ ಅಡುಗೆಮನೆ ಕುಲುಮೆಯಾದರೆ ಏಸಿ ಹಾಕಿದ ಕಫೀಲರ ಕೋಣೆ ಹಿಮಾಲಯ. ಅವರು ಫೋನಿನಲ್ಲಿ ಮಾತು ಮುಗಿಸುವ ತನಕ ಅರ್ಧ ತಾಸು ನಿಂತಿದ್ದು, ಆಮೇಲೆ ಎರಡೂ ಕೈಯಲ್ಲಿ ಸೀಸೆ ಕೊಟ್ಟು, "ನಾನೇ ಮಾಡಿದ ಅತ್ತರು" ಎಂದೆ. ಅವರ ಮುಖ ಅರಳಿತು. ಅಂಗೈ ಮೇಲೆ ಸೀಸೆ ಬಗ್ಗಿಸಿದರು. ಏನೂ ಬೀಳಲಿಲ್ಲ. ಕುಲುಕಿದರು. ತಳ ತಟ್ಟಿದರು. ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

"ಅತ್ತರು ಎಲ್ಲಿ?"

"ಒಳಗೇ ಇದೆ ಸಾರ್, ಮಲಗಿದೆ. ಬಿಸಿಲಿಗೆ ಏಳುತ್ತದೆ."

ಪಾಪ, ಆ ಹಿರಿಯರು ಎದ್ದು ಹೊರಗೆ ಹೋಗಿ ಕಾರಿನ ಬಾನೆಟ್ ಮೇಲೆ ಸೀಸೆ ಇಟ್ಟು ಕಾದರು. ಎರಡು ನಿಮಿಷದಲ್ಲಿ ಅತ್ತರು ಎದ್ದದ್ದೇನೋ ನಿಜ, ಆದರೆ ಬಗ್ಗಿಸಿದಾಗ ಅರ್ಧ ಸೀಸೆ ಒಮ್ಮೆಲೇ ಅಂಗೈಗೆ ಬಂತು. ಚೆಲ್ಲಲು ಮನಸ್ಸಾಗದೆ ಅಷ್ಟನ್ನೂ ಗಡ್ಡಕ್ಕೆ ಸವರಿಕೊಂಡರು. ಎಣ್ಣೆ ಗಡ್ಡದಿಂದಿಳಿದು ಬಿಳಿ ನಿಲುವಂಗಿಯ ಎದೆಯ ಮೇಲೆ ದಾರಿ ಮಾಡಿಕೊಂಡಿತು. ಅವರು ಒಮ್ಮೆ ಮೂಸಿ, ನನ್ನನ್ನು ನೋಡಿ, ಸೀಸೆ ಸಮೇತ ಕಾರು ಹತ್ತಿ ಮನೆಗೆ ಹೋದರು.

"ರಜೆ ಸಿಕ್ಕಿತಾ?" ಎಂದು ಬ್ಯಾರಿ ಗೆಳೆಯ ಕೇಳಿದ.

"ಅವರಿಗೆ ಸಿಕ್ಕಿತು" ಎಂದೆ.

ಮಂಡಿ

ಮೂರು ದಿನ ನಾನು ತಲೆಯೆತ್ತದೆ ಟೈಪ್ ಮಾಡಿದೆ. ಮದುವೆಗೆ ಹೋಗುವ ಆಸೆ ಬಿಟ್ಟು, ಇರುವ ಕೆಲಸ ಉಳಿದರೆ ಸಾಕು ಎನ್ನುವಲ್ಲಿಗೆ ಬಂದಿದ್ದೆ. ನಾಲ್ಕನೆಯ ದಿನ ಕರೆ ಬಂತು. ಮೇಜಿನ ಮೇಲೆ ಖಾಲಿ ಸೀಸೆ, ಪಕ್ಕದಲ್ಲಿ ನನ್ನ ಅರ್ಜಿ.

"ಇದು ಅತ್ತರಲ್ಲ" ಎಂದರು ಕಫೀಲರು.

ನಾನು ತಲೆತಗ್ಗಿಸಿದೆ.

"ಉಳಿದದ್ದನ್ನು ಮನೆಯಲ್ಲಿ ಮೂಲೆಗೆ ಎಸೆದಿದ್ದೆ. ನನ್ನ ತಾಯಿ ಔಷಧಿ ಎಂದುಕೊಂಡು ಮಂಡಿಗೆ ತಿಕ್ಕಿಕೊಂಡಿದ್ದಾರೆ. ಎಷ್ಟೋ ವರ್ಷದಿಂದ ಕೋಲಿಲ್ಲದೆ ನಡೆಯದವರು ಇವತ್ತು ಬೆಳಿಗ್ಗೆ ಕೋಲು ಮರೆತು ಅಡುಗೆಮನೆಗೆ ಹೋಗಿ ಸೊಸೆಯಂದಿರನ್ನು ಬೈದು ಬಂದರು. ಯಲ್ಲಾ, ಬೇಗ ಇನ್ನಷ್ಟು ಮಾಡು."

ನನಗೆ ಹೋದ ಜೀವ ಬಂತು. ಜೀವದ ಜೊತೆ ಬುದ್ಧಿಯೂ ಬಂತು.

"ಮಾಡಬಹುದು ಸಾರ್. ಆದರೆ ಆ ಎಣ್ಣೆ, ಆ ಹೂವು ನಮ್ಮೂರಿನಲ್ಲಿ ಮಾತ್ರ ಸಿಗುವುದು. ನಾನೇ ಹೋಗಿ ಆರಿಸಿ ತರಬೇಕು."

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರಿ, ಅರ್ಜಿಯಲ್ಲಿದ್ದ 'ತಂಗಿಯ ಮದುವೆ' ಎಂಬುದನ್ನು ಹೊಡೆದುಹಾಕಿ, ಮೇಲೆ ತಮ್ಮ ಕೈಯಾರೆ 'ಕಂಪನಿಯ ಕೆಲಸ, ಎಣ್ಣೆ ತರುವುದು' ಎಂದು ಬರೆದು ರುಜು ಹಾಕಿದರು.

ಲೋಕವೆಲ್ಲ ಎಣ್ಣೆಗಾಗಿ ಸೌದಿಗೆ ಬರುತ್ತಿದ್ದ ಕಾಲದಲ್ಲಿ, ಎಣ್ಣೆ ತರಲು ಸೌದಿಯಿಂದ ಹೊರಗೆ ಹೋದವನು ಬಹುಶಃ ನಾನೊಬ್ಬನೇ.