ಏನೂ ಗೊತ್ತಿಲ್ಲದವರಿಗೆ ಮಾತ್ರ

ಹನುಮಯ್ಯ: ಅರಗು ಕೆಂಪಗಿರ್ತದೋ ಕರ್ರಗಿರ್ತದೋ ಅಂತಾನೂ ನಂಗೆ ಗೊತ್ತಿಲ್ಲ ಸ್ವಾಮಿ! ಬೊಂಬೆ ಕೆಲ್ಸಕ್ಕೂ ನಂಗೂ ಯಾವ ಜನ್ಮದ ನಂಟು?

ಹೀಗೆಂದವನು ಅಕ್ಕೂರಿನ ದೊಡ್ಡಹನುಮಯ್ಯ. ಮೂವತ್ತು ವರ್ಷದಿಂದ ಮರದ ಬೊಂಬೆ ಕಡೆದು, ಅರಗಿನ ಬಣ್ಣ ಹಚ್ಚಿಯೇ ಹೊಟ್ಟೆ ಹೊರೆದವನು! ಚನ್ನಪಟ್ಟಣದ ತರಬೇತಿ ಕೇಂದ್ರದಲ್ಲಿ ಗುಮಾಸ್ತ ಯೋಗಾನಂದನ ಮುಂದೆ ನಿಂತು ಇಂಥ ಹಸೀ ಸುಳ್ಳು ಹೇಳಬೇಕಾಗಿ ಬಂದಿತ್ತು. ಪಾಪ, ಮಾಡುವುದಾದರೂ ಏನು? ಮರ ತಿರುಗಿಸುವ ಕೈಲೇತಿನ ಹಗ್ಗ ಎಳೆದೆಳೆದು ಅವನ ಬಲಭುಜ ಸೋತುಹೋಗಿತ್ತು. ಇಲ್ಲಿ ಆರು ತಿಂಗಳು ಕಲಿತವರಿಗೆ ಸರ್ಕಾರ ತಿಂಗಳು ತಿಂಗಳು ಸ್ಟೈಪೆಂಡ್ ಕೊಟ್ಟು, ಕೊನೆಗೆ ಒಂದು ಕರೆಂಟ್ ಲೇತನ್ನೂ ಪುಕ್ಕಟೆ ಕೊಡುತ್ತಿತ್ತು. ಷರತ್ತು ಒಂದೇ, ಕೆಲಸ ಗೊತ್ತಿಲ್ಲದವರಿಗೆ ಮಾತ್ರ.

ಯೋಗಾನಂದ: ಹಾಗಾದ್ರೆ ಉಗುರು ಯಾಕ್ರೀ ಕೆಂಪಗಿದೆ?

ಹನುಮಯ್ಯ ಕೈ ಹಿಂದಕ್ಕೆಳೆದುಕೊಂಡ. ಜೊತೆಗೆ ಬಂದಿದ್ದ ಹೆಂಡತಿ ಚಿನ್ನಮ್ಮ ಮುಂದೆ ಬಂದಳು.

ಚಿನ್ನಮ್ಮ: ಮದರಂಗಿ ಸ್ವಾಮಿ. ನಂಟ್ರ ಮದ್ವೆ ಇತ್ತು.

ಯೋಗಾನಂದ: ಗಂಡಸರಿಗೂ ಮದರಂಗಿನಾ?

ಹನುಮಯ್ಯ: ಒತ್ತಾಯ ಮಾಡ್ಬುಟ್ರು.

ಯೋಗಾನಂದ: ಮತ್ತೆ ಈ ನೀಲಿ?

ಹನುಮಯ್ಯ: ಎಲೆಕ್ಷನ್ ಇಂಕು.

ಯೋಗಾನಂದ: ಎಲೆಕ್ಷನ್ ಆಗಿ ಎಂಟು ತಿಂಗಳಾಯ್ತಲ್ರೀ!

ಚಿನ್ನಮ್ಮ: ನಮ್ ಬೂತ್‌ನೋರು ಒಸಿ ಗಟ್ಟಿಯಾಗೇ ಹಾಕವ್ರೆ.

ಯೋಗಾನಂದ: ಹಸಿರು?

ಹನುಮಯ್ಯ: ಸೊಪ್ಪು ಕುಯ್ದಿದ್ದು.

ಚಿನ್ನಮ್ಮ: ರೇಷ್ಮೆ ಹುಳಕ್ಕೆ ಸ್ವಾಮಿ. ಈ ಸಲ ಹುಳ ಏನ್ ಮೇಯ್ತಾವೆ ಅಂತೀರಿ...

ಹನುಮಯ್ಯ: ಸುಮ್ಕಿರಮ್ಮಿ, ನಿಂಗೇನ್ ಗೊತ್ತು?

ಯೋಗಾನಂದನಿಗೆ ಅನುಮಾನ ಹೋಗಲಿಲ್ಲ. ಆದರೆ ಬೇರೆ ಇಲಾಖೆಯಿಂದ ಬಂದ ಅವನಿಗೆ ಉಳಿ ಹಿಡಿಯುವ ತುದಿ ಯಾವುದೆಂದೂ ತಿಳಿಯದು.

ಯೋಗಾನಂದ: ಮೇಷ್ಟ್ರು ಅಮೀರ್ ಸಾಹೇಬ್ರು ಇದ್ದಿದ್ರೆ ಒಂದೇ ನೋಟಕ್ಕೆ ಹೇಳ್ಬಿಡೋರು. ಬಿಡದಿ ಫ್ಯಾಕ್ಟರೀಲಿ ಸಂಬಳ ಜಾಸ್ತಿ ಅಂತ ಹೊರಟುಹೋದ್ರು. ಹೊಸ ಮೇಷ್ಟ್ರು ಸಿಗದೆ ಕ್ಲಾಸೇ ಶುರುವಾಗಿಲ್ಲ. ನಡೀರಿ, ಲೇತ್ ಮೇಲೆ ಒಂದು ಬುಗುರಿ ಕಡೀರಿ. ನಾನೇ ನೋಡ್ತೀನಿ.

ಗುಂಡಿ ಒತ್ತಿದ್ದೇ ತಡ, ಲೇತು ತನ್ನಷ್ಟಕ್ಕೆ ತಾನೇ ತಿರುಗಿತು. ಹಗ್ಗ ಎಳೆಯುವ ಮಾತೇ ಇಲ್ಲ! ಹನುಮಯ್ಯನಿಗೆ ಅಳುವೇ ಬಂದಂತಾಯಿತು. ಇಂಥದ್ದೊಂದು ಮನೆಗೆ ಬಂದರೆ ಇನ್ನೂ ಹತ್ತು ವರ್ಷ ಕೆಲಸ ಮಾಡಬಹುದು.

ಚಿನ್ನಮ್ಮ (ಪಿಸುದನಿಯಲ್ಲಿ): ಕೆಡ್ಸಿ ಕಣಿ, ಕೆಡ್ಸಿ!

ಹನುಮಯ್ಯ (ಅದೇ ದನಿಯಲ್ಲಿ): ಕೆಡಿಸ್ತಾನೇ ಇವ್ನಿ. ಕೆಡ್ಸೋದು ಎಷ್ಟು ಕಷ್ಟ ಅಂತ ನಿಂಗೇನ್ ಗೊತ್ತು?

ಉಳಿ ಎಷ್ಟು ಹೇಳಿದರೂ ಸರಿಯಾದ ದಾರಿಗೇ ಹೋಗುತ್ತಿತ್ತು. ಕೊನೆಗೆ ಎಡಗೈಗೆ ಕೊಟ್ಟು, ಕಣ್ಣು ಮುಚ್ಚಿಕೊಂಡು ಒತ್ತಿದ.

ಯೋಗಾನಂದ: ಇದು ಬುಗುರೀನಾ?

ಚಿನ್ನಮ್ಮ: ಹುಳುಕು ಬದನೆಕಾಯಿ ಇದ್ದಂಗೈತೆ.

ಯೋಗಾನಂದ: ಭೇಷ್! ನಿಮಗೆ ಏನಂದ್ರೆ ಏನೂ ಬರಲ್ಲ. ಬರ್ಕೊಂಡೆ.

ಗಂಡ ಹೆಂಡತಿ ಉಸಿರು ಬಿಟ್ಟರು. ಯೋಗಾನಂದ ಚೀಟಿಯೊಂದಕ್ಕೆ ಅಂಟು ಸವರಿ ಆ ಬದನೆಕಾಯಿಗೆ ಹಚ್ಚಲು ಹೊರಟ.

ಹನುಮಯ್ಯ: ಅದೇನ್ ಸ್ವಾಮಿ ಅದು?

ಯೋಗಾನಂದ: ನಿಮ್ಮ ಹೆಸರು. ‘ದೊಡ್ಡಹನುಮಯ್ಯ, ಅಕ್ಕೂರು.’ ಕಲಿಯೋರು ಮೊದಲು ಮಾಡಿದ್ದನ್ನ ಈ ಗಾಜಿನ ಬೀರುವಲ್ಲಿ ಇಡ್ತೀವಿ. ಸಾಹೇಬ್ರು, ವ್ಯಾಪಾರಿಗಳು, ಊರಿನೋರು ಎಲ್ಲಾ ನೋಡ್ತಾರೆ.

ಹನುಮಯ್ಯ: ಊರ್ನೋರಾ? ಎಷ್ಟು ದಿನ ಇರ್ತದೆ?

ಯೋಗಾನಂದ: ಖಾಯಂ.

ಹನುಮಯ್ಯ: ಬ್ಯಾರೆ ಹೆಸ್ರು ಹಾಕ್ಬುಡಿ.

ಯೋಗಾನಂದ: ಆಗಲ್ಲ.

ಹನುಮಯ್ಯ: ಅಕ್ಕೂರು ಅನ್ನೋದಾದ್ರೂ ಹೊಡೆದಾಕಿ ಸ್ವಾಮಿ!

ಯೋಗಾನಂದ: ಆಗಲ್ಲ ಅಂದ್ನಲ್ರೀ.

ಗಂಡನ ಮುಖ ನೋಡಿದ ಚಿನ್ನಮ್ಮನಿಗೆ ಮುಂದಿನದು ತಿಳಿದುಹೋಯಿತು. ಅವನ ಹೆಗಲ ಟವೆಲನ್ನು ಹಿಡಿದೆಳೆದಳು. ಟವೆಲು ಕೈಗೆ ಬಂತು, ಗಂಡ ಬರಲಿಲ್ಲ. ಅವನು ಆಗಲೇ ಬದನೆಕಾಯಿ ಕಿತ್ತುಕೊಂಡು ಲೇತಿನ ಮುಂದೆ ಕೂತಿದ್ದ. ಐದೇ ನಿಮಿಷ. ಉಳಿಯಲ್ಲಿ ಓರೆಕೋರೆ ತೆಗೆದ, ಕೆಂಪು ಅರಗು ಒತ್ತಿದ, ಹಸಿರಿನ ಒಂದು ಗೆರೆ ಎಳೆದ, ಅಂಗಿ ಜೇಬಿನಿಂದ ತಾಳೆಗರಿ ತುಂಡು ತೆಗೆದು ಉಜ್ಜಿದ. ಮಿರಮಿರ ಮಿಂಚುವ ಬುಗುರಿ ಮೇಜಿನ ಮೇಲೆ ಅಲುಗದೆ ನಿಂತು ಗುಂಯ್‌ಗುಟ್ಟಿತು.

ಹನುಮಯ್ಯ: ಈಗ ಅಂಟಿಸಿ ಹೆಸ್ರು!

ಯೋಗಾನಂದ: ಅಂಟಿಸ್ತೀನಿ. ಆದ್ರೆ ಸ್ಟೈಪೆಂಡೂ ಇಲ್ಲ, ಲೇತೂ ಇಲ್ಲ.

ಹನುಮಯ್ಯನ ಕೈ ತಾನಾಗಿ ಬಲಭುಜಕ್ಕೆ ಹೋಯಿತು.

ಚಿನ್ನಮ್ಮ: ಅಯ್ಯೋ ನನ್ ಕರ್ಮವೇ! ಐದ್ ನಿಮ್ಷ ದಡ್ಡ ಆಗಿರಕ್ಕೆ ಆಗ್ಲಿಲ್ವಾ ನಿಮ್ಗೆ? ಮನೇಲಿ ದಿನಾ ಸಲೀಸಾಗಿ ಆಯ್ತೀರಿ!

ಹನುಮಯ್ಯ: ಸುಮ್ಕಿರಮ್ಮಿ. ಕಸುಬುದಾರನ ಸಂಕ್ಟ ನಿಂಗೇನ್ ಗೊತ್ತು?

ಚಿನ್ನಮ್ಮ ಬೈಗುಳ ಅಲ್ಲಿಗೇ ನಿಲ್ಲಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಯೋಗಾನಂದನ ಕಡೆ ತಿರುಗಿದಳು.

ಚಿನ್ನಮ್ಮ: ಕೇಳುಸ್ಕೊಂಡ್ರಾ ಸ್ವಾಮಿ? ಬಂದಾಗಿಂದ ಮೂರು ಸಲ ಯೋಳವ್ರೆ, ನಂಗೇನೂ ಗೊತ್ತಿಲ್ಲ ಅಂತ. ಇಂಥಾ ಕಸುಬುದಾರ್ರೇ ಸಾಕ್ಷಿ. ನನ್ ಹೆಸ್ರು ಬರ್ಕೊಳ್ಳಿ!

ಯೋಗಾನಂದ: ಬರ್ಕೋಬಹುದಮ್ಮ. ಆದ್ರೆ ಕಲಿಸೋಕೆ ಮೇಷ್ಟ್ರು?

ಚಿನ್ನಮ್ಮ ಗಂಡನನ್ನು ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿದಳು. ಯೋಗಾನಂದ ಬುಗುರಿ ನೋಡಿದ. ಖಾಲಿ ಬಿದ್ದ ಕ್ಲಾಸು ನೋಡಿದ. ಎರಡು ಫಾರಂ ತೆಗೆದ, ಒಂದು ಮೇಷ್ಟ್ರದು, ಒಂದು ಕಲಿಯುವವರದು.

ಹನುಮಯ್ಯ: ಇವ್ಳಿಗೆ ನಾನು ಏನ್ ಕಲಿಸ್ಲಿ ಸ್ವಾಮಿ? ಅರಗು ಹಚ್ಚೋದ್ರಲ್ಲಿ ಇವ್ಳು ನನ್ಗಿಂತ... ಅಯ್ಯಪ್ಪಾ!

ಚಿನ್ನಮ್ಮ ಅವನ ಕಾಲು ತುಳಿದಿದ್ದಳು.

ಹನುಮಯ್ಯ: ಇವ್ಳಿಗೇನೂ ಗೊತ್ತಿಲ್ಲ ಸ್ವಾಮಿ.

ಯೋಗಾನಂದ: ಇಲ್ಲಿ ಸಹಿ ಮಾಡಮ್ಮ.

ಚಿನ್ನಮ್ಮ ಎಡಗೈಯಲ್ಲಿ ಫಾರಂ ಒತ್ತಿ, ಬಲಗೈಯಲ್ಲಿ ಪೆನ್ನು ಹಿಡಿದಳು. ಹತ್ತೂ ಉಗುರು ಮೇಜಿನ ಮೇಲೆ ಸಾಲಾಗಿ ಕಂಡವು: ಕೆಂಪು, ನೀಲಿ, ಹಸಿರು. ಯೋಗಾನಂದ ಕನ್ನಡಕ ತೆಗೆದು ಒರೆಸಿಕೊಂಡ.

ಯೋಗಾನಂದ: ನೀವೂ ಆ ಮದುವೆಗೆ ಹೋಗಿದ್ರಾ?

ಚಿನ್ನಮ್ಮ: ಆ ಮದ್ವೇಲಿ ಹೆಣ್ಣೇ ನಾನು ಸ್ವಾಮಿ. ಇಪ್ಪತ್ತೆಂಟು ವರ್ಷ ಆಯ್ತು, ಬಣ್ಣ ಇನ್ನೂ ಹೋಗಿಲ್ಲ.