ಪುಕ್ಕಟೆ ಪುಸ್ತಕಗಳನ್ನು ನಾನು ಪಾಸ್ ಮಾಡಿದ್ದು

ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವುದೇ ನನ್ನ ಹೊಟ್ಟೆಪಾಡು. ರಬಾಳೆಯ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಸಹಿ ಬಿದ್ದರೆ ಪಂಪು ಲಾರಿ ಹತ್ತುತ್ತದೆ, ಬೀಳದಿದ್ದರೆ ಗುಜರಿಗೆ ಹೋಗುತ್ತದೆ. ಆದ್ದರಿಂದ ನಮ್ಮ ಕನ್ನಡ ಸಭೆಯ ಬೈಬಲ್ ಅಧ್ಯಯನ ಲೈಬ್ರರಿಗೆ ಇಂಟರ್‌ನೆಟ್ಟಿನಿಂದ ಪುಕ್ಕಟೆ ಪುಸ್ತಕ ಆರಿಸಿ ತರುವವರು ಯಾರು ಎಂಬ ಪ್ರಶ್ನೆ ಎದ್ದಾಗ ನಾನು ಕೈ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಅದನ್ನು ನಾನು ಅಂದು ಗೌರವವೆಂದು ತಿಳಿದೆ!

ಮುಂದೆ ನಡೆದದ್ದನ್ನು ಕಂಡ ಹಾಗೆ ಹೇಳುತ್ತೇನೆ. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ. ತೆಗೆದುಹಾಕಲು ಮಾತ್ರ ಬಹಳ ಮನಸ್ಸಿತ್ತು. ಆದರೆ ಅಂದು ಅಲ್ಲಿದ್ದವರೆಲ್ಲ ಇನ್ನೂ ಬದುಕಿದ್ದಾರೆ.

ನಾವು ಪ್ರೊಟೆಸ್ಟೆಂಟ್ ಕ್ರೈಸ್ತರು. ನಮ್ಮಲ್ಲಿ ಅರ್ಧ ಜನ ಮಂಗಳೂರು-ಉಡುಪಿ ಕಡೆಯವರು, ಇನ್ನರ್ಧ ಹುಬ್ಬಳ್ಳಿ-ಗದಗ ಕಡೆಯವರು. ಡೊಂಬಿವಲಿ, ದಿವಾ, ವರ್ತಕ ನಗರಗಳಿಂದ ಭಾನುವಾರ ಒಂದೆಡೆ ಸೇರುತ್ತೇವೆ. ಎಲ್ಲಿ ಎಂಬುದೇ ನಮ್ಮ ಸಭೆಯ ಇತಿಹಾಸ. ಮೊದಲು ಒಂದು ಮದುವೆ ಹಾಲ್‌ನಲ್ಲಿ ಕೂಡುತ್ತಿದ್ದೆವು. ಹಿಂದಿನ ರಾತ್ರಿಯ ಮದುವೆಯ ಅರಿಸಿನ ಕುರ್ಚಿಗಳಿಂದ ನಮ್ಮ ಬಿಳಿ ಬಟ್ಟೆಗೆ ದಾಟುತ್ತಿತ್ತು. ಆಮೇಲೆ ಒಂದು ಶಾಲೆಗೆ ಹೋದೆವು. ಪರೀಕ್ಷೆ ಬಂತೆಂದು ನಮ್ಮನ್ನು ಹೊರಗೆ ಹಾಕಿದರು, ಪರೀಕ್ಷೆ ಮುಗಿದರೂ ಒಳಗೆ ಕರೆಯಲಿಲ್ಲ. ಆಮೇಲೆ ಒಂದು ಹೌಸಿಂಗ್ ಸೊಸೈಟಿಯ ಹಾಲ್. ಅಲ್ಲಿನ ಚೇರ್‌ಮನ್ನರಿಗೆ ನಮ್ಮ ಧರ್ಮದ ಬಗ್ಗೆ ಯಾವ ತಕರಾರೂ ಇರಲಿಲ್ಲ, ನಮ್ಮ ಹಾಡಿನ ಬಗ್ಗೆ ಇತ್ತು.

ಕೊನೆಗೆ ಕಲ್ಯಾಣದ ಒಂದು ಕ್ಯಾಥೊಲಿಕ್ ಚರ್ಚಿನವರು ಕರುಣೆ ತೋರಿಸಿ ತಮ್ಮ ಕಟ್ಟಡದ ಮೇಲಂತಸ್ತಿನ ಕೋಣೆ ಕೊಟ್ಟರು. ಅಲ್ಲಿನ ಗುರುಗಳು ಫಾದರ್ ವಿನ್ಸೆಂಟ್, ಕಾರ್ಕಳ ಕಡೆಯವರು. ಕೊಂಕಣಿ, ತುಳು, ಕನ್ನಡ, ಮರಾಠಿ ಎಲ್ಲದರಲ್ಲೂ ಮೆಲ್ಲಗೆ ಮಾತಾಡುವವರು. ಒಂದು ಭಾನುವಾರ ಅವರು ಮೇಲೆ ಬಂದು, ಅಷ್ಟೇ ಮೆಲ್ಲಗೆ ನಮ್ಮ ನೆಲ ನಡುಗಿಸಿದರು.

“ನಮ್ಮ ಕಮಿಟಿಯವ್ರು ಕೇಳ್ತಿದ್ದಾರೆ, ವಾರದಲ್ಲಿ ಒಂದು ಮಧ್ಯಾಹ್ನಕ್ಕಾಗಿ ಈ ರೂಮು ಖಾಲಿ ಇಡೋದು ಯಾಕೆ ಅಂತ. ಒಂದು ಕರಾಟೆ ಕ್ಲಾಸಿನವ್ರು ಕೇಳ್ತಾ ಇದ್ದಾರೆ. ಅವ್ರು ದಿನಾ ಬರ್ತಾರಂತೆ.”

ನಮ್ಮ ಸಭೆಯ ಹಿರಿಯರು ದೇವೇಂದ್ರಪ್ಪನವರು, ಗದಗಿನವರು. ಉಲ್ಹಾಸನಗರದ ಕಡೆ ಬಟ್ಟೆ ವ್ಯಾಪಾರ. ಗಿರಾಕಿ ಮೆಟ್ಟಿಲಿಳಿಯುವ ಮೊದಲೇ ಹಿಡಿದು ಕೂರಿಸುವ ಅಭ್ಯಾಸ ಅವರದು.

“ಹಂಗಾದ್ರ ನಾವೂ ದಿನಾ ಬರ್ತೀವ್ರೀ ಫಾದರ್! ಲೈಬ್ರರಿ ಮಾಡಾಕತ್ತೇವಿ. ಬೈಬಲ್ ಅಧ್ಯಯನದ್ದು. ಕಂಪ್ಯೂಟರ್‌ದಾಗ. ಮಂದಿ ದಿನಾ ಸಂಜೀಕ ಬಂದು ಓದ್ತಾರ.”

ಆ ಕ್ಷಣದವರೆಗೆ ಅಂಥ ಯೋಜನೆ ಯಾರ ತಲೆಯಲ್ಲೂ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಲೋಕಲ್ ರೈಲಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಕರ್ಚೀಫ್ ಎಸೆಯುತ್ತೇವಲ್ಲ, ನಮ್ಮ ಲೈಬ್ರರಿ ಹುಟ್ಟಿದ್ದು ಹಾಗೆ.

“ಒಳ್ಳೇದು. ನಾನೂ ಬಂದು ನೋಡ್ತೇನೆ. ನೋಡಿದ್ಮೇಲೆ ರೂಮಿನ ಮಾತು,” ಎಂದರು ಫಾದರ್.

ಕೋಣೆ ಉಳಿಯಬೇಕಾದರೆ ಲೈಬ್ರರಿ ಬೇಕು. ಲೈಬ್ರರಿಗೆ ಪುಸ್ತಕ ಬೇಕು. ಪುಸ್ತಕಕ್ಕೆ ನಾನು!

ನನ್ನ ಕೆಲಸದ ಕ್ರಮ ಹೀಗಿತ್ತು. ಧರ್ಮದ ಪುಸ್ತಕಗಳನ್ನು ಪುಕ್ಕಟೆಯಾಗಿ ಕೊಡುವ ವೆಬ್‌ಸೈಟುಗಳು ಬೇಕಾದಷ್ಟಿದ್ದವು. ಕಾರ್ಖಾನೆಯಲ್ಲಿ ನಾವು ಪ್ರತಿ ಪಂಪನ್ನೂ ಬಿಚ್ಚಿ ನೋಡುವುದಿಲ್ಲ. ರಾಶಿಯಿಂದ ಕೆಲವನ್ನು ಎತ್ತಿ, ಅವು ಸರಿಯಿದ್ದರೆ ರಾಶಿಯನ್ನೇ ಪಾಸ್ ಮಾಡುತ್ತೇವೆ. ಪುಸ್ತಕಗಳಿಗೂ ನಾನು ಇದೇ ವಿಧಾನವನ್ನು ಅನ್ವಯಿಸಿದೆ. ಎತ್ತಿದ ಪುಸ್ತಕದಲ್ಲಿ ಪುಟಸಂಖ್ಯೆ ತಪ್ಪಿದೆಯೇ? ಅಕ್ಷರ ಮಸುಕಾಗಿದೆಯೇ? ಸ್ಕ್ಯಾನು ಓರೆಯಾಗಿದೆಯೇ? ಯಾವ ದೋಷವೂ ಇಲ್ಲವೇ? ಪಾಸ್!

ನಾನು ಕಟ್ಟುನಿಟ್ಟಿನ ಮನುಷ್ಯ. ಕ್ಷಮೆಯ ಕುರಿತಾದ ಒಂದು ಪುಸ್ತಕದಲ್ಲಿ, ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಪುಟದ ಅಂಚಿನಲ್ಲಿ ಕಾಣಿಸಿತು. ರಿಜೆಕ್ಟ್! ನೆರೆಯವರನ್ನು ಪ್ರೀತಿಸುವುದು ಹೇಗೆ ಎಂಬ ಇನ್ನೊಂದರಲ್ಲಿ ಚಹಾದ ಕಲೆ. ಅದೂ ರಿಜೆಕ್ಟ್! ದಪ್ಪವಾಗಿ, ಕಪ್ಪಾಗಿ, ಒಂದು ಕಲೆಯೂ ಇಲ್ಲದೆ ಉಳಿದುಕೊಂಡಿದ್ದ ಪುಸ್ತಕಗಳು ಬೇರೆ ಇದ್ದವು. ಎಲ್ಲ ಹಳೆಯ ಕಾಲದ ಇಂಗ್ಲಿಷಿನವು. ಒಂದೊಂದರ ಹೆಸರೂ ಅರ್ಧ ಪುಟ. ಹೆಸರು ಉದ್ದವಾದಷ್ಟೂ ನನಗೆ ಭಕ್ತಿ ಹೆಚ್ಚಿತು.

ನನ್ನ ಹೆಂಡತಿ ಪ್ರಮೀಳಾ ಸಭೆಯ ಗಾಯನಮಂಡಳಿಯಲ್ಲಿ ಕೀಬೋರ್ಡ್ ನುಡಿಸುತ್ತಾಳೆ. ಒಂದು ಸಂಜೆ ನನ್ನ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಒಳಗೆ ಎಂತ ಬರ್ದಿದ್ದಾರೆ ಅಂತ ಓದಿದ್ರಾ ಮಾರಾಯ್ರೆ?”

“ನಾನು ಪಂಪು ಪಾಸ್ ಮಾಡುವಾಗ ಅದರ ನೀರು ಕುಡಿದು ನೋಡ್ತೇನಾ?”

“ಪಂಪು ಯಾರನ್ನೂ ಬಯ್ಯುವುದಿಲ್ಲ,” ಎಂದು ಅವಳು ಅಡಿಗೆಮನೆಗೆ ಹೋದಳು.

ಅವಳು ಏನನ್ನೋ ಓದಿಯೇ ಹೇಳಿರಬೇಕು ಎಂದು ನನಗೆ ಹೊಳೆಯಲಿಲ್ಲ. ಮದುವೆಯಾದ ಮೇಲೆ ಅವಳ ಮಾತಿನ ಅರ್ಥ ನನಗೆ ಹೊಳೆಯುವುದು ಯಾವಾಗಲೂ ಮುಂದಿನ ಸ್ಟೇಷನ್‌ನಲ್ಲಿ.

ಉದ್ಘಾಟನೆ ಹೊಸ ವರ್ಷದ ಮೊದಲ ಭಾನುವಾರ ಎಂದು ನಿಶ್ಚಯವಾಯಿತು. ಹೊಸ ವರ್ಷಕ್ಕೆ ವಾಗ್ದಾನದ ಚೀಟಿ ತೆಗೆಯುವ ಪದ್ಧತಿ ನಮ್ಮಲ್ಲಿ ಇದೆ. ಬೈಬಲಿನ ಒಂದೊಂದು ವಚನ ಬರೆದ ಚೀಟಿಗಳನ್ನು ತಟ್ಟೆಯಲ್ಲಿ ಹರಡಿರುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಕೈಗೆ ಬಂದ ವಚನ ಆ ವರ್ಷವಿಡೀ ದೇವರು ನಿಮಗೆ ಕೊಟ್ಟ ಮಾತು. ಇದನ್ನೇ ಲೈಬ್ರರಿಗೆ ಜೋಡಿಸಿದರೆ ಹೇಗೆ ಎಂದು ನನ್ನ ಬುದ್ಧಿ ಓಡಿತು. ಫಾದರ್ ಕಣ್ಣು ಮುಚ್ಚಿ ಮೌಸ್ ತಿರುಗಿಸಲಿ. ನಿಂತ ಪುಟವನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳಲಿ. ಅದೇ ಇಡೀ ಸಭೆಗೆ ವರ್ಷದ ವಾಗ್ದಾನ!

ಈ ಸಲಹೆಗೆ ಕಮಿಟಿಯಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಟ್ಟಿದ ಒಬ್ಬರೂ ಈಗ ಅದನ್ನು ಒಪ್ಪಿಕೊಳ್ಳುವುದಿಲ್ಲ.

ಆ ದಿನ ಕೋಣೆ ತುಂಬಿತ್ತು. ಗೋಡೆಗೆ ನಮ್ಮ ಮನೆಯ ಬಿಳಿ ಹಾಸುಬಟ್ಟೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರಿನ ಬೆಳಕು ಬಿಟ್ಟೆವು. ಫಾದರ್ ಬಿಳಿ ನಿಲುವಂಗಿಯಲ್ಲಿ ಬಂದು ಕಂಪ್ಯೂಟರಿನ ಮುಂದೆ ಕುಳಿತರು, ಕಣ್ಣು ಮುಚ್ಚಿದರು, ಮೌಸ್ ತಿರುಗಿಸಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಪುಟಗಳು ಸರ್ರನೆ ಓಡಿ ನಿಂತವು. ಫಾದರ್ ಕಣ್ಣು ತೆರೆದರು.

ಓದಲಿಲ್ಲ.

ನಾನು ಹಾಸುಬಟ್ಟೆಯ ಕಡೆ ತಿರುಗಿದೆ. ಅಕ್ಷರಗಳು ಒಂದಿಷ್ಟೂ ಮಸುಕಿಲ್ಲದೆ, ಒಂದೊಂದೂ ಗೇಣುದ್ದ ಮೂಡಿದ್ದವು. ಸ್ಕ್ಯಾನಿನ ಗುಣಮಟ್ಟದಲ್ಲಿ ದೋಷ ಹುಡುಕುವಂತಿರಲಿಲ್ಲ. ಪೋಪರು ಕ್ರಿಸ್ತವಿರೋಧಿ ಎಂಬುದಕ್ಕೆ ಬರೆದವರು ಅಲ್ಲಿ ಪುರಾವೆ ಕೊಡುತ್ತಿದ್ದರು. ಅವರ ಪಾದ್ರಿಗಳು ಬೈಬಲ್ ಹೇಳುವ ಅಂತ್ಯಕಾಲದ ಮೃಗದ ಸೇವಕರು, ಅಂಥವರನ್ನು ಹೊಸ್ತಿಲು ದಾಟಿಸಬಾರದು, ಅವರ ಸೂರಿನ ಕೆಳಗೆ ನಿಲ್ಲುವುದೂ ಪಾಪ ಎಂದಿತ್ತು. ನಾವೆಲ್ಲ ಆ ಸೂರಿನ ಕೆಳಗೇ ಕೂತಿದ್ದೆವು. ಮೇಲೆ ತಿರುಗುತ್ತಿದ್ದ ಫ್ಯಾನೂ ಅವರದೇ!

ಮೊದಲ ಸಾಲಿನಿಂದ ದೇವೇಂದ್ರಪ್ಪನವರ ಮುದಿತಾಯಿ ಕೇಳಿದರು, “ಏನ್ ಬರದೈತ್ರೀ ಫಾದರ್? ನಮಗ ಇಂಗ್ಲಿಷ್ ಬರಂಗಿಲ್ಲ.”

“ನಮ್ಮಂಥವರ ಬಗ್ಗೆ ಬರ್ದಿದ್ದಾರೆ ಅಮ್ಮ.”

“ಚೊಲೊ ಬರದಾರೇನ್ರೀ?”

“ಬಹಳ ಯೋಚನೆ ಮಾಡಿ ಬರ್ದಿದ್ದಾರೆ.”

“ಆಮೆನ್!” ಎಂದರು ಅಜ್ಜಿ. ಇಂಗ್ಲಿಷ್ ಬಾರದ ಹಿರಿಯರೆಲ್ಲ “ಆಮೆನ್” ಎಂದರು. ಇಂಗ್ಲಿಷ್ ಬಲ್ಲವರು ಚಪ್ಪಲಿ ಹುಡುಕತೊಡಗಿದರು.

ಫಾದರ್ ನನ್ನ ಕಡೆ ಬಾಗಿ ಮೆಲ್ಲಗೆ ತುಳುವಿನಲ್ಲಿ, “ಉಂದು ಎಂಚಿನ, ಜಯಾನಂದೆರೆ?” ಎಂದರು. ಇದೇನು ಎಂದು ಅವರು ಕೇಳಿದ್ದು. ನಾನು ಪುಟಸಂಖ್ಯೆ ನೋಡಿದೆ, ಅದೂ ಸರಿಯಾಗಿಯೇ ಇತ್ತು.

ಅಲ್ಲಿಗೇ ಕಂಪ್ಯೂಟರ್ ಮುಚ್ಚಿದ್ದರೆ ಸಭೆ ಬದುಕುತ್ತಿತ್ತು. ಆದರೆ ಒಂದು ಪೀಸು ಕೆಟ್ಟಿದ್ದರೆ ತಕ್ಷಣ ಇನ್ನೊಂದನ್ನು ಎತ್ತಿ ತೋರಿಸಬೇಕೆಂಬುದು ನಮ್ಮ ಕಾರ್ಖಾನೆಯ ಶಿಸ್ತು. “ಇದು ಅಪವಾದ ಫಾದರ್, ಇನ್ನೊಂದು ನೋಡಿ,” ಎಂದು ಮೌಸ್ ಕಿತ್ತುಕೊಂಡೆ. ಅವರ ಮನಸ್ಸಿಗೆ ಸಮಾಧಾನವಾಗಲೆಂದು ಕ್ಯಾಥೊಲಿಕರೇ ಬರೆದ ಪುಸ್ತಕವೊಂದನ್ನು ತೆರೆದೆ. ಅದರಲ್ಲಿ ರೋಮಿನ ಚರ್ಚನ್ನು ಬಿಟ್ಟುಹೋದ ನಮ್ಮಂಥವರೆಲ್ಲ ಮರದಿಂದ ಕಡಿದ ಕೊಂಬೆಗಳು, ಒಲೆಗಷ್ಟೇ ಯೋಗ್ಯರು ಎಂದಿತ್ತು.

ಈ ಬಾರಿ ದೇವೇಂದ್ರಪ್ಪನವರು ಎದ್ದರು. ಅವರಿಗೆ ಇಂಗ್ಲಿಷ್ ಬರುತ್ತದೆ. “ಜಯಾನಂದರ, ಇಂವಾ ನಮಗ ಅನ್ನಾಕತ್ತಾನಲ್ರೀ! ನಾವೇನ್ ಕಟಗೀನ?”

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಇದು ನೋಡಿ, ಮಕ್ಕಳ ವಿಷಯ,” ಎಂದು ಮೂರನೆಯದನ್ನು ತೆರೆದೆ. ಮೊದಲ ಪುಟದಲ್ಲಿ ತಾಯಿ-ಮಗುವಿನ ಚಿತ್ರವಿತ್ತು. ಅದನ್ನು ನಂಬಿಯೇ ಪಾಸ್ ಮಾಡಿದ್ದೆ. ಒಳಗೆ, ಹಸುಗೂಸುಗಳ ತಲೆಗೆ ನೀರು ಚಿಮುಕಿಸುವುದು ದೀಕ್ಷಾಸ್ನಾನವೇ ಅಲ್ಲ, ಬುದ್ಧಿ ಬಂದ ಮೇಲೆ ಪೂರ್ತಿ ಮುಳುಗಿಸದಿದ್ದರೆ ಅದು ಬರೀ ನೀರಾಟ ಎಂದು ವಾದಿಸಿದ್ದರು. ದೇವೇಂದ್ರಪ್ಪನವರ ಮೊಮ್ಮಗನಿಗೆ ಹಿಂದಿನ ವಾರವಷ್ಟೇ ಅದೇ ಕೋಣೆಯಲ್ಲಿ ದೀಕ್ಷಾಸ್ನಾನವಾಗಿತ್ತು. ಊರಿನಿಂದ ಬೀಗರು ಬಂದಿದ್ದರು. ಇನ್ನೂ ಹೋಗಿರಲಿಲ್ಲ. ಅಲ್ಲೇ ಕೂತಿದ್ದರು.

“ಹಂಗಾರ ಹ್ವಾದ ವಾರ ನಮ್ಮ ಕೂಸಿಗೆ ಆಗಿದ್ದೇನ್ರೀ? ತಲಿ ತೊಳದಿದ್ದೇನು?” ಎಂದರು ದೇವೇಂದ್ರಪ್ಪನವರು.

ಬೀಗರಲ್ಲಿ ಒಬ್ಬರು ನಕ್ಕರು. ಗದಗಿನವರ ಕಡೆ ಬೀಗರ ನಗುವಿಗಿಂತ ದೊಡ್ಡ ಅವಮಾನ ಇನ್ನೊಂದಿಲ್ಲವಂತೆ. ಇದನ್ನು ದೇವೇಂದ್ರಪ್ಪನವರೇ ಆಮೇಲೆ ನನಗೆ ಬಹಳ ಸಲ ಹೇಳಿದ್ದಾರೆ.

ಸಂಗೀತದಲ್ಲಿ ಜಗಳವಿರಲಾರದು ಎಂದು ಆರಾಧನೆಯ ಸಂಗೀತದ ಕುರಿತಾದ ಪುಸ್ತಕಕ್ಕೆ ಒತ್ತಿದೆ. ದೇವಾಲಯದೊಳಗೆ ವಾದ್ಯ ನುಡಿಸುವುದು ಸೈತಾನನಿಗೆ ಬಾಗಿಲು ತೆರೆದಂತೆ, ಅದರಲ್ಲೂ ನುಡಿಸುವವರು ಹೆಂಗಸರಾದರೆ ಬಾಗಿಲು ತೆರೆದು ಕುರ್ಚಿಯನ್ನೂ ಹಾಕಿದಂತೆ ಎಂದು ಬರೆದಿತ್ತು. ಕೀಬೋರ್ಡಿನ ಹಿಂದಿನಿಂದ ನನ್ನ ಹೆಂಡತಿ ನಿಧಾನವಾಗಿ ಎದ್ದು ನಿಂತಳು.

“ಇವರೇ, ಇನ್ನೊಂದು ಪುಸ್ತಕ ತೆರೆದ್ರೆ ರಾತ್ರಿ ಊಟ ಸ್ಟೇಷನ್‌ನಲ್ಲಿ. ವಡಾಪಾವ್ ತಿನ್ಲಿಕ್ಕೆ ವಾದ್ಯ ನುಡಿಸುವ ಹೆಂಡತಿ ಬೇಡ!”

ಫಾದರ್ ಎದ್ದು, ಪ್ರೊಜೆಕ್ಟರಿನ ಕಣ್ಣಿಗೆ ತಮ್ಮ ಅಂಗೈ ಹಿಡಿದರು. ಹಾಸುಬಟ್ಟೆ ಕತ್ತಲಾಯಿತು. ಮದುವೆ ಹಾಲ್‌ನ ಅರಿಸಿನದ ಕುರ್ಚಿಗಳು ನನ್ನ ಕಣ್ಣ ಮುಂದೆ ಸಾಲಾಗಿ ಬಂದವು. ಇನ್ನು ಅವೂ ನಮಗೆ ಸಿಗಲಾರವು.

“ನಾನು ಲೆಕ್ಕ ಹಾಕಿದ ಪ್ರಕಾರ, ಈ ರೂಮಿನಲ್ಲಿ ಕೂತ ಒಬ್ಬರೂ ಸ್ವರ್ಗಕ್ಕೆ ಹೋಗುವುದಿಲ್ಲ,” ಎಂದರು ಫಾದರ್. “ನಾನು ಮೊದಲ ಪುಸ್ತಕದಲ್ಲೇ ಹೋದೆ. ಆಮೇಲೆ ನೀವು, ಆಮೇಲೆ ಮಗು, ಕೊನೆಗೆ ಪ್ರಮೀಳಮ್ಮ. ಜಯಾನಂದರೇ, ಈ ಪುಸ್ತಕಗಳನ್ನ ಯಾಕೆ ಪುಕ್ಕಟೆ ಕೊಡ್ತಾರೆ ಗೊತ್ತುಂಟಾ?”

“ಧರ್ಮಾರ್ಥ, ಫಾದರ್.”

“ಬರೆದವರು ಸತ್ತು ಬಹಳ ಕಾಲ ಆಯ್ತು, ಹಕ್ಕು ಕೇಳುವವರು ಯಾರೂ ಉಳಿದಿಲ್ಲ, ಅದಕ್ಕೆ. ಅವರ ಕಾಲದಲ್ಲಿ ಎಲ್ಲರೂ ಎಲ್ಲರಿಗೂ ಹೀಗೇ ಬರೀತಿದ್ರು. ನಮ್ಮ ಕಡೆಯವರೂ ಕಮ್ಮಿ ಇಲ್ಲ, ಎರಡನೇದು ನೋಡಿದ್ರಲ್ಲ? ಒಳ್ಳೆಯದೂ ಬರ್ದಿದ್ದಾರೆ. ಆದ್ರೆ ಓದಿ ಆರಿಸಬೇಕು. ನೀವು ಓದಿದ್ರಾ?”

ಇಡೀ ಸಭೆ ಮೊದಲ ಬಾರಿಗೆ ಒಮ್ಮತದಿಂದ ನನ್ನನ್ನು ನೋಡಿತು.

ದೇವೇಂದ್ರಪ್ಪನವರು ಟೋಪಿ ಕೈಗೆ ತೆಗೆದುಕೊಂಡರು. “ಫಾದರ್, ಈ ಮನಶಾ ಮಾಡಿದ್ದಕ್ಕ ಸಭಾಕ್ಕ ಶಿಕ್ಷಾ ಕೊಡಬ್ಯಾಡ್ರಿ. ರೂಮು ಹೋದ್ರ ನಮಗ ಹೋಗಾಕ ಜಾಗಾ ಇಲ್ಲ.” ಅವರ ಧ್ವನಿಯಲ್ಲಿ ವ್ಯಾಪಾರವಿರಲಿಲ್ಲ. ಅದನ್ನು ಕೇಳಿ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಕೆಳಗೂ ಫಾದರ್ ಅವರದೇ ಹಾಲ್ ಇತ್ತು.

ಫಾದರ್ ಪ್ರೊಜೆಕ್ಟರಿನ ಸ್ವಿಚ್ಚು ಒತ್ತಿ ಕೈ ಕೆಳಗಿಳಿಸಿದರು. ಆಮೇಲೆ ತೀರ್ಪು ಕೊಟ್ಟರು.

“ನಮ್ಮ ಕಮಿಟಿಗೆ ನಾನು ಹೇಳ್ತೇನೆ, ಇಲ್ಲಿ ಪುಸ್ತಕ ಆರಿಸುವ ಕೆಲಸ ನಡೀತಾ ಉಂಟು ಅಂತ. ಜಯಾನಂದರು ದಿನಾ ಸಂಜೆ ಬಂದು, ಇಲ್ಲೇ ಕೂತು, ಒಂದೊಂದೇ ಪುಸ್ತಕ ಪೂರ್ತಿ ಓದಿ ಆರಿಸಬೇಕು. ಕ್ಷಮೆಯ ಪುಸ್ತಕ ಸಿಕ್ಕಿದ್ರೆ ಮೊದ್ಲು ನನಗೆ ಕೊಡಿ, ಇವತ್ತು ಬೇಕಾಗ್ತದೆ. ಇವರು ಓದಿ ಮುಗಿಸುವ ತನಕ ರೂಮು ನಿಮ್ದೇ. ಆಮೇಲೆ ಕರಾಟೆಯವರ ಮಾತು.”

ಹೀಗೆ ಸಭೆಯ ಭವಿಷ್ಯ ನನ್ನ ಓದಿಗೆ ಬಂದು ಜೋತುಬಿತ್ತು.

ಅಂದಿನಿಂದ ರಬಾಳೆಯಿಂದ ಥಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಡೊಂಬಿವಲಿಯಲ್ಲಿ ಇಳಿಯದೆ, ಮನೆಯನ್ನು ಕಿಟಕಿಯಿಂದಲೇ ನೋಡುತ್ತ ಕಲ್ಯಾಣಕ್ಕೆ ಹೋಗುತ್ತೇನೆ. ಮೇಲಂತಸ್ತಿನಲ್ಲಿ ಕೂತು ಓದುತ್ತೇನೆ. ಒಂದು ವಾಕ್ಯ ಪುಟದ ಮೇಲಿನಿಂದ ಹೊರಟರೆ ಕೆಳಗೆ ತಲುಪುವಷ್ಟರಲ್ಲಿ ಎಲ್ಲಿಂದ ಹೊರಟಿತೆಂದು ನನಗೆ ಮರೆತಿರುತ್ತದೆ. ಮತ್ತೆ ಮೇಲೆ ಹೋಗುತ್ತೇನೆ. ಕೆಲವೊಮ್ಮೆ ನಿದ್ದೆ ಹತ್ತುತ್ತದೆ.

ಮೊದಮೊದಲು ನಾಚಿಕೆಯಾಗುತ್ತಿತ್ತು. ಒಮ್ಮೆ ಹಟ ಹಿಡಿದು, ಒಂದು ಪುಸ್ತಕದ ಕೊನೆಯ ಅಧ್ಯಾಯಕ್ಕೆ ಬಂದೆ. ಆ ಸಂಜೆ ದೇವೇಂದ್ರಪ್ಪನವರು ಚಹಾ ತಂದುಕೊಟ್ಟರು.

“ಎಲ್ಲೀಮಟಾ ಬಂತ್ರೀ?”

“ಮುಗೀತಾ ಬಂತು!” ಎಂದೆ ಹೆಮ್ಮೆಯಿಂದ.

ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಹತ್ತಿರ ಬಂದರು. “ಅವಸರ ಯಾಕ್ರೀ ಮಾರಾಯ್ರ? ತಿಳೀತೇನು ನಿಮಗ?”

“ಪೂರ್ತಿ ತಿಳಿದಿಲ್ಲ.”

“ದೇವರ ದಯಾ! ಹಂಗಾರ ಮತ್ತ ಮೊದಲಿಂದ ಓದ್ರಿ.”

ಈಗ ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ ರೋಗಿಗಳ ಬಳಿಕ ನನ್ನ ಹೆಸರು ಬರುತ್ತದೆ. ನನ್ನ ಆರೋಗ್ಯಕ್ಕಾಗಿ, ಕಣ್ಣುಗಳಿಗಾಗಿ, ದೀರ್ಘಾಯುಷ್ಯಕ್ಕಾಗಿ ಸಭೆಯವರು ಮೊಣಕಾಲೂರಿ ಬೇಡುತ್ತಾರೆ. ಪ್ರಮೀಳಾಳ ಧ್ವನಿ ಎಲ್ಲರಿಗಿಂತ ಮೇಲೆ ಕೇಳಿಸುತ್ತದೆ. ನನಗೆ ಬುದ್ಧಿ ಬರಲಿ ಎಂದು ಮಾತ್ರ ಇದುವರೆಗೆ ಒಬ್ಬರೂ ಪ್ರಾರ್ಥಿಸಿಲ್ಲ!