ನಮ್ಮ ಟ್ರಕ್ಕಿನ ಟೈರು ಸವೆಸಿದವರಾರು?

ನನ್ನ ಕಣ್ಣು ತಪ್ಪಿಸಿ ಒಂದು ಸಾಸಿವೆ ಕಾಳೂ ಅತ್ತಿತ್ತ ಹೋಗಲಾರದು!

ಇದು ಜಂಬವಲ್ಲ, ನನ್ನ ಉದ್ಯೋಗ. ಲಕಮನಹಳ್ಳಿಯ ಸಣ್ಣದೊಂದು ಕಾರ್ಖಾನೆಯಲ್ಲಿ ಗೇಟ್ ಪಾಸ್ ಬರೆಯುವವಳು ನಾನು. ನನ್ನ ಸಹಿ ಇಲ್ಲದೆ ಅಲ್ಲಿಂದ ಒಂದು ನಟ್ಟೂ ಹೊರಗೆ ಉರುಳುವುದಿಲ್ಲ. ಐದು ವರ್ಷ ಇದೇ ಕೆಲಸ ಮಾಡಿದವಳಿಗೆ ಸಂಶಯ ಎನ್ನುವುದು ಸ್ವಭಾವವಲ್ಲ, ಅಂಗ! ಕಣ್ಣು, ಕಿವಿ, ಮೂಗು, ಸಂಶಯ. ಹೀಗಿರುವಾಗ ನನ್ನ ಮನೆಯ ಅಂಗಳದಲ್ಲೇ ಕಳ್ಳತನವೇ? ಅಂದು ದಿನಚರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ಕಳ್ಳನನ್ನು ಹಿಡಿದೇ ತೀರುವೆನು. ಮುಂದಿನ ಟೈರುಗಳನ್ನು ನಾನೇ ಆರಿಸುವೆನು!"

ಟೈರು ಎಂದರೆ ಕಾರಿನದಲ್ಲ. ಕಾರು ನಮಗಿಲ್ಲ. ಇದು ರಿಮೋಟ್ ಟ್ರಕ್ಕಿನದು. ಮಗಳು ಸಾನ್ವಿಗೆ ಆರು ತುಂಬಿದಾಗ ನನ್ನ ಪತಿದೇವರು ತಂದ ಉಡುಗೊರೆ. ಆಟಿಕೆ ಸಾಮಾನು ಎಂದು ಬಾಯ್ಮಾತಿಗೆ ಹೇಳಬಹುದು, ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ. ಉದ್ದ ಹೆಚ್ಚು ಕಡಿಮೆ ನಮ್ಮ ತೊಟ್ಟಿಲಿನಷ್ಟು. ಒಂದೊಂದು ಗಾಲಿಯೂ ಹೋಳಿಗೆ ಬೇಯಿಸುವ ಹಂಚಿನಷ್ಟು. ಸಾನ್ವಿಯ ಗೊಂಬೆ ಕೂರಲೆಂದು ಇವರು ತಾರಿಹಾಳದ ತಮ್ಮ ವರ್ಕ್‌ಶಾಪಿನಲ್ಲಿ ಹಿಂದುಗಡೆ ಒಂದು ಕ್ಯಾರಿಯರನ್ನೂ ವೆಲ್ಡಿಂಗ್ ಮಾಡಿ ಕೂಡಿಸಿದ್ದರು. ಭಾನುವಾರ ಅಪ್ಪ ಓಡಿಸುವುದು, ಮಗಳು ಹಿಂದೆ ಕುಣಿಯುವುದು, ಮುಂದಿನ ಭಾನುವಾರದ ತನಕ ಟ್ರಕ್ಕು ಕಟ್ಟೆಯ ಕೆಳಗೆ ಮಲಗುವುದು. ಇದು ಒಪ್ಪಂದ.

ಆದರೆ ಎರಡೇ ತಿಂಗಳಲ್ಲಿ ಟೈರುಗಳ ಹಲ್ಲು ಉದುರಿ ಬೋಳಾದವು! ಮೊದಲು ಗೊಂಜಾಳದ ತೆನೆಯ ಹಾಗೆ ಕಾಳುಕಾಳಾಗಿದ್ದವು, ಈಗ ನಮ್ಮ ಮಾವನವರ ತಲೆಯ ಹಾಗೆ ಥಳಥಳ.

"ಏನ್ರಿ ಇದು?"

"ಮಣ್ಣಾಗ ಓಡೂ ಟಾಯರ್ ಅವು. ನಮ್ಮ ಓಣ್ಯಾಗ ಸಿಮೆಂಟ್ ರಸ್ತಾ. ಉಜ್ಜಿ ಉಜ್ಜಿ ಸವದಾವ" ಎಂದರು ಶಿವಯೋಗೀಶ, ಪೇಪರಿನಿಂದ ತಲೆ ಎತ್ತದೆ.

"ವಾರಕ್ಕ ಅರ್ಧಾ ತಾಸು ಓಡಿದ್ರ ಇಷ್ಟು ಸವೀತಾವೇನ್ರಿ? ಬ್ಯಾಟರಿನೂ ಭಾನುವಾರ ಮುಂಜಾನಿ ಸತ್ತ ಬಿದ್ದಿರತೈತಿ. ನಾ ಇಲ್ಲದಾಗ ಯಾರು ಓಡಸ್ತಾರ?"

"ನಾ ಅಂತೂ ಓಡಿಸಿಲ್ಲ."

ನೋಡಿದಿರಾ? 'ಯಾರೂ ಓಡಿಸಿಲ್ಲ' ಎನ್ನಲಿಲ್ಲ, 'ನಾ ಅಂತೂ' ಎಂದರು! ಗೇಟಿನಲ್ಲಿ ಕೂತವಳಿಗೆ ಇಷ್ಟು ಸಾಕು. ಮನೆಯಲ್ಲಿ ಇರುವವರೇ ನಾಲ್ವರು. ಮಾವ ತೀರಿಕೊಂಡು ಮೂರು ವರ್ಷವಾಯಿತು. ಸಾನ್ವಿಗೆ ಆ ಟ್ರಕ್ಕು ಕಟ್ಟೆಯ ಕೆಳಗಿಂದ ಎಳೆಯಲೂ ಬಾರದು. ಅತ್ತೆ ಬಾಳವ್ವನವರಿಗೆ ಟಿವಿಯ ರಿಮೋಟೇ ಇನ್ನೂ ಒಲಿದಿಲ್ಲ. ಉಳಿದವರು ಯಾರು? ಆಗಾಗ "ಸೈಟಿಗೆ ಹೊಂಟೇನಿ" ಎಂದು ನಡುಮಧ್ಯಾಹ್ನ ಮನೆಯ ಕಡೆ ಸುಳಿಯುವ ಈ ಮಹಾನುಭಾವರೇ!

"ಕೇಳ್ರಿಲ್ಲೆ. ಹೊಸಾ ಟಾಯರ್ ಹಾಕಸೂದು, ಆರಸಾಕಿ ನಾನು. ಅವೂ ಹಿಂಗ ಸವದ್ವು ಅಂದ್ರ ನೀವು ನನ್ನ ಮುಂದ ಸುಳ್ಳ ಹೇಳೀರಿ ಅಂತ ಅರ್ಥ. ಟ್ರಕ್ ಮಾರಿ ಬಿಡೂದು! ಸುಳ್ಳ ಹೇಳೂ ಮನಿಯಾಗ ಆಟಿಗಿ ಬ್ಯಾಡ!"

ಒಳಗಿನಿಂದ ಲಟ್ಟಣಿಗೆ ಕೆಳಗೆ ಬಿದ್ದ ಸದ್ದು. "ಮಾರೂದು ಯಾಕವ್ವಾ?" ಎನ್ನುತ್ತ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಕೂಸಿನ ಆಟಿಗಿ! ಪಾಪ ಬರತೈತಿ!"

ಮೊಮ್ಮಗಳ ಮೇಲೆ ಎಂಥ ಅಕ್ಕರೆ ಎಂದು ನನ್ನ ಕಣ್ಣಂಚು ಒದ್ದೆಯಾಯಿತು. ಆ ಒದ್ದೆಯಲ್ಲೇ ನನ್ನ ಸಂಶಯ ಜಾರಿ ಬಿತ್ತೆಂದು ಈಗ ಅನ್ನಿಸುತ್ತದೆ.

ಭಾನುವಾರ ಹುಬ್ಬಳ್ಳಿಗೆ ಹೊರಟೆವು. ಇಂಥ ಟ್ರಕ್ಕುಗಳ ಸಾಮಾನು ಮಾರಿ, ರಿಪೇರಿಯನ್ನೂ ಮಾಡುವ ಅಹಮದಸಾಬರ ಅಂಗಡಿ ಅಲ್ಲಿದೆ. ಆಶ್ಚರ್ಯವೆಂದರೆ, ಹುಬ್ಬಳ್ಳಿಯ ಧೂಳಿಗೆ ಮೂಗು ಮುರಿಯುವ ಅತ್ತೆಯವರು ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ಅಹಮದಸಾಬರು ಎರಡು ಜೊತೆ ಟೈರು ಮುಂದಿಟ್ಟರು. "ನೋಡ್ರಿ ಮೇಡಂ, ಎರಡೂ ರೋಡಿನ ಟಾಯರ್. ಹಲ್ಲಿಲ್ಲ, ಸಣ್ಣ ಗೀರು ಅಷ್ಟ. ಒಳಗ ಪಟ್ಟಿ ಐತಿ, ಜೋರ್ ಓಡಿದ್ರೂ ಉಬ್ಬೂದಿಲ್ಲ. ಇದು ಮೆತ್ತಂದು, ರಸ್ತಾ ಗಟ್ಟಿ ಹಿಡೀತೈತಿ, ಆದ್ರ ಲಗೂ ಸವೀತೈತಿ. ಇದು ಬಿರುಸಂದು, ಬಾಳಿಕಿ ಬರತೈತಿ, ಆದ್ರ ತಿರುವಿನ್ಯಾಗ ಜಾರತೈತಿ. ಖರೇ ಹೇಳೇನಿ."

ಅಂಗಡಿಯವನು ತಾನಾಗಿಯೇ ತನ್ನ ಮಾಲಿನ ತಪ್ಪು ಹೇಳುತ್ತಾನೆಂದರೆ ಅದರಲ್ಲಿ ಏನೋ ಇದೆ! ನಾನು ಟೈರುಗಳನ್ನು ಬದನೆಕಾಯಿ ಆರಿಸುವ ಹಾಗೆ ಹಿಚುಕಿದೆ. ಉಗುರಿನಿಂದ ಗೀರಿದೆ. ಮೂಸಿದೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಏನು ಕಾಣಬೇಕಿತ್ತೋ ನನಗೂ ಗೊತ್ತಿರಲಿಲ್ಲ.

"ಮೆತ್ತಂದ ತಗೋ ಭಾಗ್ಯಾ" ಎಂದರು ಇವರು.

"ಹ್ಞಾಂ, ಲಗೂ ಸವದ್ರ 'ಟಾಯರ್ ಗುಣಾನ ಹಂಗ' ಅನ್ನಾಕ ಬರತೈತಿ, ಅಲ್ಲೇನ್ರಿ?"

ಆಗ ಅತ್ತೆಯವರು ಗಂಟಲು ಸರಿಪಡಿಸಿಕೊಂಡರು. "ಮೆತ್ತಂದ ಇರಲವ್ವಾ. ಸಪ್ಪಳ ಆಗಬಾರದು. ಗಾಡಿ ಜಿಗೀಬಾರದು. ಬ್ರೇಕ್ ಹಾಕಿದ್ರ ತುಳಕಬಾರದು."

"ಏನ ತುಳಕಬಾರದು, ಅತ್ತಿ?"

ಅತ್ತೆ ಒಂದು ಗಳಿಗೆ ಅಹಮದಸಾಬರ ಮುಖ ನೋಡಿದರು. "ಗೊಂಬಿ."

ಗೊಂಬೆ ಹೇಗೆ ತುಳುಕುತ್ತದೆಂದು ಸಾಮಾನ್ಯರು ಕೇಳುತ್ತಿದ್ದರು. ನಾನು ಕೇಳಲಿಲ್ಲ. ನನ್ನ ಸಂಶಯವನ್ನೆಲ್ಲ ಗಂಡನೊಬ್ಬನಿಗೇ ಮುಡಿಪಾಗಿ ಇಟ್ಟಿದ್ದೆನಲ್ಲ! "ಬಿರುಸಂದ ಕೊಡ್ರಿ" ಎಂದೆ, ಕೋಟೆ ಗೆದ್ದ ರಾಣಿಯ ಧ್ವನಿಯಲ್ಲಿ.

ಹೊಸ ಟೈರು ಹಾಕಿಸಿದ ಮೇಲೆ ದಿನವೂ ಸಂಜೆ ನನ್ನ ತಪಾಸಣೆ. ಕಡ್ಡಿಪೆಟ್ಟಿಗೆಯ ಕಡ್ಡಿಯನ್ನು ಗೀರಿನೊಳಗೆ ಇಳಿಸಿ ಆಳ ಅಳೆಯುತ್ತಿದ್ದೆ. ಮಂಗಳವಾರ ಗೀರಿನಲ್ಲಿ ಒಂದು ಕರಿಬೇವಿನ ಎಲೆ ಸಿಕ್ಕಿತು. ಬುಧವಾರ ಎಳ್ಳು! ಎಣ್ಣೆಯ ಪಸೆಯೂ ಇತ್ತು. ಎಲೆ ಮತ್ತು ಎಳ್ಳನ್ನು ಕಾಗದದಲ್ಲಿ ಕಟ್ಟಿ ಊಟಕ್ಕೆ ಕೂತವರ ತಟ್ಟೆಯ ಪಕ್ಕದಲ್ಲಿ ಇಟ್ಟೆ.

"ಏನಿದು, ಪ್ರಸಾದ?" ಎಂದರು ಇವರು.

"ಪುರಾವೆ! ಟ್ರಕ್ ತಗೊಂಡು ಯಾವ ಖಾನಾವಳಿಗಿ ಹೊಂಟೀರಿ, ಹೇಳ್ರಿ!"

"ಭಾಗ್ಯಾ, ಊಟಕ್ಕ ಹೋಗಾಂವ ಯಾವನರೆ ರಿಮೋಟ್ ಗಾಡಿ ಮುಂದ ಬಿಟಗೊಂಡ ಹೋಗ್ತಾನೇನ? ನಾ ಓಡಿಸಿಲ್ಲ ಅಂದೆ. ಓಡಿಸಿಲ್ಲ."

"ನನ್ನ ಕಣ್ಣಾಗ ಕಣ್ಣ ಇಟ್ಟ ಹೇಳ್ರಿ."

ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದರು. ಆಮೇಲೆ ಎರಡನೆಯ ರೊಟ್ಟಿ ಮುಟ್ಟದೆ ಎದ್ದು ಹೋದರು. ಆದರೆ ಎಳ್ಳು ಸುಳ್ಳು ಹೇಳುವುದೇ? ಅಜ್ಜಿಯ ಮಡಿಲಲ್ಲಿ ಕೂತಿದ್ದ ಸಾನ್ವಿ, "ಅವ್ವಾ, ಟ್ರಕ್ ಮಾರ್ತೀಯೇನ?" ಎಂದು ಕೇಳಿದಾಗ ಪುರಾವೆಯ ಕಾಗದವನ್ನು ಮತ್ತೆ ಮಡಚಿದೆ. ಅತ್ತೆಯವರು ಯಾಕೋ ತಲೆ ತಗ್ಗಿಸಿ ಸಾರಿನಲ್ಲಿ ಕರಿಬೇವು ಹುಡುಕುತ್ತಿದ್ದರು.

ಇನ್ನು ತಡೆಯಬಾರದು! ಗುರುವಾರ ಎಂದಿನಂತೆ ಡಬ್ಬಿ ಕಟ್ಟಿಕೊಂಡು, ಸ್ಕೂಟರ್ ಹತ್ತಿ, ಎಲ್ಲರಿಗೂ ಕೈಬೀಸಿ ಹೊರಟೆ. ಅರ್ಧ ದಿನ ರಜೆ ಹಾಕಿ ಹನ್ನೊಂದಕ್ಕೆ ಹಿಂದಿನ ಓಣಿಯಿಂದ ನಡೆದು ಬಂದು, ತಿರುವಿನಲ್ಲಿ ಕಟ್ಟುತ್ತಿರುವ ಮನೆಯ ಇಟ್ಟಿಗೆ ರಾಶಿಯ ಹಿಂದೆ ಕೂತೆ. ಮೊನ್ನೆ ತಾನೇ ಇಸ್ತ್ರಿ ಮಾಡಿದ ಹಳದಿ ಚೂಡಿದಾರ. ಇರುವೆ ಕಚ್ಚಿದರೂ ಅಲುಗಲಿಲ್ಲ.

ಹನ್ನೊಂದೂವರೆ. ನಮ್ಮ ಗೇಟು ಒಂದು ಮೊಳ ತೆರೆಯಿತು. ಟ್ರಕ್ಕು ಗುಂಯ್ ಎನ್ನುತ್ತ ಹೊರಬಂತು! ಕ್ಯಾರಿಯರಿನಲ್ಲಿ ಗೊಂಬೆಯಲ್ಲ, ಹಳೆಯ ಸೀರೆಯ ಅಂಚಿನಿಂದ ಬಿಗಿದ ಸ್ಟೀಲಿನ ಡಬ್ಬಿ. ಹಿಂದೆ ಯಾರು? ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿಮೋಟನ್ನು ಎದೆಗೆ ಅವಚಿ, ಹಲ್ಲು ಕಚ್ಚಿ, ವಿಮಾನ ಇಳಿಸುವವರ ಗಾಂಭೀರ್ಯದಲ್ಲಿ ನಿಂತವರು... ಟಿವಿ ರಿಮೋಟು ಒಲಿಯದ ನನ್ನ ಅತ್ತೆ!

ಟ್ರಕ್ಕು ತಿರುವಿನಾಚೆಯ ಮನೆಯ ಕಡೆ ಹೊರಟಿತ್ತು. ಅದು ಪ್ರಭಾವತಿ ಕಾಕೂ ಮನೆ! ಅವರು ಗೇಟಿನಲ್ಲಿ ನಿಂತಿದ್ದರು. ಮುಖ ಮಾತ್ರ ಆ ಕಡೆ.

ಇಲ್ಲಿ ಒಂದು ಮಾತು ಹೇಳಬೇಕು. ಇಪ್ಪತ್ತು ವರ್ಷ ಒಂದೇ ಜೀವದಂತಿದ್ದ ಈ ಇಬ್ಬರೂ ನಾಲ್ಕು ತಿಂಗಳ ಹಿಂದೆ, ಹೋಳಿಗೆಯ ಹೂರಣಕ್ಕೆ ಬೆಲ್ಲ ಹಾಕಿದ್ದೋ ಸಕ್ಕರೆಯೋ ಎಂಬ ಘನ ವಿಷಯಕ್ಕೆ ಓಣಿಯೇ ಕೇಳುವಂತೆ ಜಗಳಾಡಿದ್ದರು. "ನಿನ್ನ ಹೊಸ್ತಿಲಾ ತುಳಿಯೂದಿಲ್ಲ!" ಎಂದು ಅತ್ತೆ. "ನಿನ್ನ ಮಾರಿ ನೋಡೂದಿಲ್ಲ!" ಎಂದು ಅವರು. ಇಬ್ಬರೂ ದೇವರ ಮೇಲೆ ಆಣೆ ಇಟ್ಟಿದ್ದರು.

"ಸಿಕ್ಕಿತು ಕಳ್ಳಮಾಲು!" ಎಂದು ಕೂಗುತ್ತ ನಾನು ಇಟ್ಟಿಗೆ ರಾಶಿಯಿಂದ ರಸ್ತೆಗೆ ಹಾರಿದೆ.

ಅತ್ತೆ ಬೆಚ್ಚಿದರು. ಬೆಚ್ಚಿದ ಬೆರಳು ರಿಮೋಟಿನ, ಬಂದೂಕಿಗಿರುವಂಥ ಕುದುರೆಯನ್ನು ಪೂರಾ ಒತ್ತಿತು. ಟ್ರಕ್ಕು ಬಾಣದಂತೆ ನನ್ನತ್ತ ಬಂತು! ಅತ್ತೆ ತಿರುಗಿಸಿದರು. ಮೂತಿ ತಿರುಗಿತು, ಟೈರು ತಿರುಗಲಿಲ್ಲ. ನಾನೇ ಆರಿಸಿದ ಬಿರುಸು ಟೈರು! ಸೊರ್ರನೆ ಜಾರಿ, ಇಟ್ಟಿಗೆಗೆ ಬಡಿದು, ಅಂತರಲಾಗ ಹಾಕಿತು. ಸೀರೆಯ ಅಂಚು ಕಿತ್ತು, ಡಬ್ಬಿಯ ಮುಚ್ಚಳ ಹಾರಿ, ಬಿಸಿಬಿಸಿ ಎಣ್ಣೆಗಾಯಿ ಪಲ್ಯ ನನ್ನ ಹಳದಿ ಚೂಡಿದಾರದ ಮೇಲೆ ಕೊರಳಿನಿಂದ ಮೊಣಕಾಲಿನವರೆಗೆ ಇಳಿಯಿತು.

ನಾಲ್ಕು ತಿಂಗಳ ಮೌನ ಮುರಿದವರು ಪ್ರಭಾವತಿ ಕಾಕೂ. ಅದೂ ಅತ್ತೆಯ ಮುಖ ನೋಡಿಯೇ!

"ಬಾಳವ್ವಾ, ಇಂಥಾ ಟಾಯರ್ ಯಾರ ತಂದ್ರ?"

"ಇಕಿನs! ಮೆತ್ತಂದ ತಗೋ ಅಂತ ಬಡಕೊಂಡೆ, ಕೇಳಲಿಲ್ಲ!"

"ಎಣ್ಣಿಗಾಯಿ ಎಲ್ಲಾ ಹಾಳಾತಲ್ಲೇ!"

"ಮೊದಲಿನ ಟಾಯರ್ ಇದ್ದಾಗ ಒಂದ ಹನಿ ಚೆಲ್ಲಿರಲಿಲ್ಲ, ನೀನs ಹೇಳು!"

"ಅತ್ತಿ, ನನಗ ಸುಡಾಕತ್ತೈತ್ರಿ!" ಎಂದೆ ನಾನು.

"ನೀ ಸುಮ್ನಿರು!" ಎಂದರು ಇಬ್ಬರೂ ಒಂದೇ ಕೊರಳಲ್ಲಿ.

ಬಾವಿಕಟ್ಟೆಯಲ್ಲಿ ಚೂಡಿದಾರ ತಿಕ್ಕುತ್ತ ನಡೆಸಿದ ವಿಚಾರಣೆಯಲ್ಲಿ ಎಲ್ಲ ಹೊರಬಿತ್ತು. ಓಡಿಸಲು ಕಲಿಸಿದ ಗುರು ಸಾನ್ವಿ. "ಆಣಿ ಹಾಕೀರಲ್ಲ ಅತ್ತಿ?" ಎಂದರೆ, "ಹೊಸ್ತಿಲಾ ನಾ ತುಳದೇನೇನ? ಗಾಡಿ ತುಳದೈತಿ!" ಎಂಬ ತೀರ್ಪು.

"ಆದ್ರ ದಿನಾ ಒಂದ ಡಬ್ಬಿ ಹೋದ್ರ ಟಾಯರ್ ಇಷ್ಟ ಹ್ಯಾಂಗ ಸವೀತಾವ್ರಿ?"

"ಒಂದs ಹ್ಯಾಂಗ ಆಕ್ಕೈತಿ? ನಾ ಪಲ್ಯ ಕಳಸ್ತೇನಿ. ಖಾಲಿ ಡಬ್ಬಿ ಹೊಳ್ಳಿ ಕೊಡಬಾರದು ಅಂತ ಆಕಿ ರೊಟ್ಟಿಗಿ ಹಚ್ಚಿಕೊಳ್ಳಾಕ ಹಿಂಡಿ ತುಂಬಿ ಕಳಸ್ತಾಳ. ಆಕಿ ಡಬ್ಬಿ ನಾ ಖಾಲಿ ಕೊಡಾಕ ಬರತೈತೇನ? ಶೇಂಗಾ ಉಂಡಿ ಇಡ್ತೇನಿ. ಆಕಿ ಮತ್ತ..."

ಶಾಸ್ತ್ರಕ್ಕೆ ಕೊನೆಯೆಲ್ಲಿ, ಟೈರಿಗೆ ಉಳಿವೆಲ್ಲಿ! ದಿನಕ್ಕೆ ಎಂಟು ಟ್ರಿಪ್ಪಂತೆ.

ಸಂಜೆ ಇವರು ಬಂದಾಗ ನಾನು ತಲೆ ತಗ್ಗಿಸಿ ಚಹಾ ಹಿಡಿದು ನಿಂತೆ. "ತಪ್ಪಾತ್ರಿ. ನೀವು ಖರೇ ಹೇಳಿದ್ರಿ. ಓಡಸಾಕಿ ಅತ್ತಿ."

"ಹೂಂ" ಎಂದರು, ಚಹಾ ಹೀರುತ್ತ.

ಇಷ್ಟು ಬೇಗ ಕ್ಷಮೆಯೇ? ನನ್ನ ಹಾಳು ಅಂಗ ಮತ್ತೆ ಎಚ್ಚೆತ್ತಿತು. "ನಿಮಗ ಮೊದಲs ಗೊತ್ತಿತ್ತು!"

"ಕ್ಯಾರಿಯರ್‌ನ್ಯಾಗ ಡಬ್ಬಿ ಕುಂದರೂ ಹಂಗ ದುಂಡಕ ಕಬ್ಬಿಣದ ಬಳಿ ಬೆಸದ ಕೊಟ್ಟಾಂವ ಯಾರು ಅಂತ ತಿಳದಿ?"

"ಮತ್ತ ನನ್ನ ಕಡೆ ಬೈಸಕೊಂತ ಯಾಕ ಕುಂತ್ರಿ?"

ಇವರು ಲೋಟ ಕೆಳಗಿಟ್ಟರು. "ಜಗಳ ಆದಾಗಿಂದ ಅವ್ವ ಒಂದ ರೊಟ್ಟಿ ಮ್ಯಾಲ ಉಣ್ಣತಿರಲಿಲ್ಲ. ಗಾಡಿ ಹೋಗಿ ಬರಾಕ ಹತ್ತಿದ ಮ್ಯಾಲ ಹಾಡ ಹೇಳಕೋತ ಅಡಗಿ ಮಾಡ್ತಾಳ. ಗೊತ್ತಾದ್ರ ಆಕಿಗೆ ಅವಮಾನ. ನೀ ನನ್ನ ಕಳ್ಳ ಅಂದ್ರ ನನಗೇನ ಅವಮಾನ? ದಿನಾ ಅಂತಿ!"

ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಟ್ಟೆ. ಟ್ರಕ್ಕು ಮಾರುವ ಮಾತು ಅಲ್ಲಿಗೇ ಸತ್ತಿತು. ಅಹಮದಸಾಬರಿಗೆ ಫೋನು ಹೋಯಿತು: ಮೆತ್ತನೆಯ ಟೈರು, ನಾಲ್ಕು. ಬರಲು ಎಂಟು ದಿನ.

ಇನ್ನು ಗೆಳತಿಯರು ಒಂದಾದರೆಂದು ನೀವು ತಿಳಿದಿರಬಹುದು. ನಾನೂ ತಿಳಿದಿದ್ದೆ! "ಮಾತಾಡಿದ್ದು ನಿನ್ನ ಬೈಯಾಕಷ್ಟ" ಎಂದರು ಅತ್ತೆ. "ಜಗಳಾ ಹಂಗs ಐತಿ. ಹೊಸಾ ಟಾಯರ್ ಬರೂತನಕಾ ಡಬ್ಬಿ ನೀನs ಒಯ್ಯಬೇಕು."

ಹೀಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾಲ್ಕು, ಸಂಜೆ ಬಂದ ಮೇಲೆ ನಾಲ್ಕು ಟ್ರಿಪ್ಪು ನನ್ನ ಪಾಲಿಗೆ ಬಂದವು. ಮೂರನೆಯ ದಿನ, ಪ್ರಭಾವತಿ ಕಾಕೂ ಡಬ್ಬಿ ಇಸಿದುಕೊಂಡು ಮುಚ್ಚಳ ತೆರೆದರು. ಒಳಗೆ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಒಳಗೆ ನೋಡಿದರು.

"ಟ್ರಕ್ಕs ಛಲೋ ಇತ್ತು ಭಾಗ್ಯಾ" ಎಂದರು ನಿಟ್ಟುಸಿರು ಬಿಟ್ಟು.

"ಯಾಕ್ರಿ ಕಾಕೂ? ನಾ ಏನ ಚೆಲ್ಲೇನಿ? ಜಾರೇನಿ?"

"ಜಾರಿಲ್ಲವ್ವಾ. ಆದ್ರ ಅದರ ತುಟಿಗೆ ಒಂದ ದಿನಾನೂ ಶೇಂಗಾ ಉಂಡಿ ಪುಡಿ ಹತ್ತಿರಲಿಲ್ಲ!"